ಸೆಕೆಂಡಿನ ಚೂರೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಭಾಗದಲ್ಲಿ ಸೈಕಲ್ ರೇಸ್ ಇತ್ತು. ನಮ್ಮಕ್ಕನ ಮಗ ಎರಡನೆಯವನಾಗಿ ಗೆರೆ ದಾಟಿದ್ದನ್ನು ಕಣ್ಣಾರೆ ಕಂಡೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮಾತ್ರ ಅವನು ಮೂರನೆಯವ. ಇಬ್ಬರು ಹುಡುಗರ ಹೆಸರಿನ ಮುಂದೆಯೂ 9:41:14 ಎಂದಿತ್ತು. ‘ಮಾಮಾ, ಅರ್ಧ ಗಾಲಿ ನಂದ ಮುಂದಿತ್ತು’ ಅಂದವನು ಮನೆ ಮುಟ್ಟುವವರೆಗೆ ಮಾತಾಡಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನದು ಡೇಟಾಬೇಸ್ ಕೆಲಸ. ಮರುದಿನ ಸಂಘಟಕರನ್ನು ಕೇಳಿದೆ. ಬೇಸರಪಡದೆ ಯಂತ್ರದ ಮೂಲ ಫೈಲ್ ತೆರೆದು ತೋರಿಸಿದರು. ಸೈಕಲ್ಲಿಗೆ ಕಟ್ಟಿದ ಚಿಪ್ ಗೆರೆ ದಾಟಿದ ಸಮಯ ಅಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಇತ್ತು: ನಮ್ಮ ಹುಡುಗನದು 14.212, ಇನ್ನೊಬ್ಬನದು 14.243. ಅದನ್ನು ಮೈಎಸ್‌ಕ್ಯೂಎಲ್ ಎಂಬ, ಮಾಹಿತಿ ಕೂಡಿಡುವ ಡೇಟಾಬೇಸ್ ಸಾಫ್ಟ್‌ವೇರ್‌ಗೆ ತುಂಬಿದಾಗ ಚುಕ್ಕೆಯ ನಂತರದ್ದೆಲ್ಲ ಬಿದ್ದುಹೋಗಿತ್ತು. ಇಬ್ಬರೂ ಸಮ ಎಂದಾದಾಗ, ಬೆನ್ನಿನ ನಂಬರ್ ಚಿಕ್ಕದಿದ್ದವನು ಮೇಲೆ ಬಂದಿದ್ದ.

ತಾಸಿಗೆ 40 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಷ್ಟು ಜಾಗದಲ್ಲಿ ಒಂದರ ಹಿಂದೊಂದು ಆರು ಸೈಕಲ್ ನಿಲ್ಲಿಸಬಹುದು. ಆರೂ ಮಂದಿಗೆ ಒಂದೇ ಸಮಯ ಕೊಟ್ಟರೆ ಅದು ಫಲಿತಾಂಶ ಹೇಗಾದೀತು?

ಮೈಎಸ್‌ಕ್ಯೂಎಲ್‌ನಲ್ಲಿ ಸಮಯ ಬರೆದಿಡಲು ಬರೀ ‘ಡೇಟ್‌ಟೈಮ್’ ಎಂದು ಕಾಲಂ ಮಾಡಿದರೆ ಇಡೀ ಸೆಕೆಂಡಷ್ಟೇ ಉಳಿಯುತ್ತದೆ. ಅದೂ ತಾನಾಗಿ ಹತ್ತಿರದ ಸೆಕೆಂಡಿಗೆ ಸರಿಹೊಂದಿಸಿಕೊಳ್ಳುತ್ತದೆ. 14.490 ಇದ್ದದ್ದು 14 ಆಗುತ್ತದೆ, 14.510 ಇದ್ದದ್ದು 15. ಕಣ್ಣು ಮಿಟುಕಿಸುವಷ್ಟೂ ಇಲ್ಲದ ಅಂತರ ಪಟ್ಟಿಯಲ್ಲಿ ಪೂರ್ತಿ ಒಂದು ಸೆಕೆಂಡಾಗಿ ಕಾಣುತ್ತದೆ. ಆ ಪದದ ಮುಂದೆ ಆವರಣದಲ್ಲಿ 3 ಎಂದು ಬರೆದರೆ ಸಾಕು, ಸಾವಿರದ ಭಾಗ ಉಳಿಯುತ್ತದೆ. 5.6.4ನೇ ಆವೃತ್ತಿಯಿಂದಲೂ ಈ ಸೌಲಭ್ಯವಿದೆ, ಪ್ರತಿ ದಾಖಲೆಗೆ ಹೆಚ್ಚಿಗೆ ಬೇಕಾಗುವುದು 2 ಬೈಟ್. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಂತೂ ಏನೂ ಹೇಳದಿದ್ದರೂ ಹತ್ತು ಲಕ್ಷದ ಒಂದು ಭಾಗದವರೆಗೆ ಸಿಗುತ್ತದೆ. ಆದರೆ ಒಮ್ಮೆ ಕಳೆದ ಅಂಕಿ, ಆಮೇಲೆ ಕಾಲಂ ಬದಲಿಸಿದರೆ ಬರುವುದಿಲ್ಲ. ಬರುವುದು ಬರೀ ಮೂರು ಸೊನ್ನೆ.

ಹುಬ್ಬಳ್ಳಿ ರಸ್ತೆಯಲ್ಲಿ ನಸುಕಿನಲ್ಲೇ ಪ್ರಾಕ್ಟೀಸಿಗೆ ಹೊರಡುವ ಹುಡುಗ ಹುಡುಗಿಯರನ್ನು ನೋಡಿದವರಿಗೆ ಆ ಅರ್ಧ ಗಾಲಿಯ ಬೆಲೆ ಗೊತ್ತು. ಸ್ಪರ್ಧೆ ನಡೆಸುವವರಲ್ಲಿ, ಅವರಿಗೆ ಸಾಫ್ಟ್‌ವೇರ್ ಮಾಡಿಕೊಡುವವರಲ್ಲಿ ನನ್ನ ವಿನಂತಿ: ಹಿಂದಿನ ದಿನವೇ ಎರಡು ಸೈಕಲ್‌ಗಳನ್ನು ಹೆಚ್ಚೂಕಡಿಮೆ ಒಟ್ಟಿಗೆ ಗೆರೆ ದಾಟಿಸಿ, ಡೇಟಾಬೇಸಿನಲ್ಲಿ ಏನು ಬಂದಿದೆ ನೋಡಿ. ಮೂಲ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಅಲ್ಲಿಯೂ ಅಂಕಿ ಉದುರುತ್ತವೆ.

ನಮ್ಮ ಹುಡುಗನಿಗೆ ಎರಡನೇ ಸ್ಥಾನ ತಿದ್ದಿಕೊಟ್ಟರು, ಮೂಲ ಫೈಲ್ ಅಳಿಸದೆ ಇಟ್ಟಿದ್ದರಿಂದ. ಮುಂದಿನ ರೇಸಿನವರೂ ತಕರಾರು ಮುಗಿಯುವವರೆಗಾದರೂ ಅದನ್ನು ಇಟ್ಟುಕೊಳ್ಳಲಿ.

– ಓದುಗ, ಬೆಟಗೇರಿ, ಗದಗ