ಬ್ಯಾಟರಿಯನ್ನು ಬೈಯುವ ಮೊದಲು

ವಿಜಯಪುರ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಚಿಕ್ಕಪಡಸಲಗಿ ಸೇತುವೆಯ ಮೇಲೆ ಲಾರಿಯ ಹೆಡ್‌ಲೈಟ್ ಮಂಕಾಗಿ ನೀನು ನಡುರಾತ್ರಿ ನಿಂತ ಸುದ್ದಿಯನ್ನು ಅಕ್ಕ ಹೇಳಿದಳು. ಹಿಂದಿನ ದೀಪವಿಲ್ಲದ ಕಬ್ಬಿನ ಟ್ರಾಕ್ಟರ್‌ಗಳು ಓಡಾಡುವ ದಾರಿ ಅದು. ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ವರ್ಷದೊಳಗೆ ಎರಡು ಸಲ ಬ್ಯಾಟರಿ ಹಾಕಿಸಿದ್ದೀಯಂತೆ, ಈಗ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಸಹ ಹೊಸದು ಬೇಕೆಂದು ಯಾರೋ ಹೇಳಿದ್ದಾರಂತೆ. ಸಾಲ ಮಾಡಿ ಕೊಳ್ಳಬೇಡ. ಮೊದಲು ಅಳೆದು ನೋಡು.

ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಚ್ಚಿದರೆ ಎರಡು ಬ್ಯಾಟರಿ ಸೇರಿ 25 ವೋಲ್ಟ್‌ಗಿಂತ ಮೇಲಿರಬೇಕು. ಎಂಜಿನ್ ಓಡಿಸಿ ಸ್ವಲ್ಪ ರೇಸ್ ಕೊಟ್ಟರೆ ಅದು 27.5ರಿಂದ 28.5ರವರೆಗೆ ಏರಿ ಅಲ್ಲೇ ನಿಲ್ಲಬೇಕು. 30 ದಾಟಿತೆಂದರೆ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಆಗ ಬ್ಯಾಟರಿ ನೀರು ಕುದಿದು ಇಂಗುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಸುಟ್ಟುಹೋಗುತ್ತವೆ. ಏರದೆ ಇದ್ದರೆ ಎಂಜಿನ್ ನಿಲ್ಲಿಸಿ ಬೆಲ್ಟ್ ಸಡಿಲವಾಗಿದೆಯೇ ನೋಡು. ಬಳಿಕ ಮತ್ತೆ ಓಡಿಸಿ ಆಲ್ಟರ್ನೇಟರ್‌ನ ದಪ್ಪ ವೈರಿನ ಬಳಿಯೇ ಅಳೆ. ಅಲ್ಲಿ 28 ಇದ್ದು ಬ್ಯಾಟರಿಯ ಹತ್ತಿರ 26 ತೋರಿಸಿದರೆ ದೋಷ ವೈರಿನಲ್ಲಿದೆ, ಇಲ್ಲವೇ ಬ್ಯಾಟರಿಯನ್ನು ಲಾರಿಯ ಕಬ್ಬಿಣದ ಚೌಕಟ್ಟಿಗೆ ಜೋಡಿಸುವ, ತುಕ್ಕು ಹಿಡಿದ ಅರ್ಥಿಂಗ್ ಪಟ್ಟಿಯಲ್ಲಿದೆ. ಉಪ್ಪುಕಾಗದದಿಂದ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಕಳೆದವರನ್ನು ನಾನು ಕಂಡಿದ್ದೇನೆ. ಕೀ ತಿರುಗಿಸಿದಾಗ ಚಾರ್ಜಿಂಗ್ ದೀಪ ಹೊತ್ತುತ್ತದೆಯೇ ಎಂಬುದನ್ನೂ ಗಮನಿಸು. ಅನೇಕ ಲಾರಿಗಳಲ್ಲಿ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಕರೆಂಟು ಆ ದೀಪದ ಮೂಲಕವೇ ಹೋಗುತ್ತದೆ.

ಆದರೆ ನನ್ನ ಸಂಶಯ ಬೇರೆಯೇ ಇದೆ. ದೀಪಾವಳಿಗೆ ಬಂದಾಗ ನಿನ್ನ ಕ್ಯಾಬಿನ್‌ನಲ್ಲಿ ಟೇಪು, ಫ್ಯಾನು, ಬಣ್ಣದ ದೀಪಗಳ ಸಾಲು ನೋಡಿದ್ದೆ. ಅವೆಲ್ಲ 12 ವೋಲ್ಟಿನವು, ಲಾರಿ 24ರದು. ಒಂದೇ ಬ್ಯಾಟರಿಯಿಂದ ವೈರ್ ಎಳೆದು ಕೊಟ್ಟಿದ್ದಾರೆ, ಅಲ್ಲವೇ? ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಅಜೀರ್ಣವಾಗುತ್ತದೆ. ಆಲ್ಟರ್ನೇಟರ್ ನೋಡುವುದು ಎರಡರ ಮೊತ್ತವನ್ನು ಮಾತ್ರ. ಮೀಟರ್ 28 ತೋರಿಸುತ್ತಿದ್ದರೂ ಒಂದರಲ್ಲಿ 13, ಇನ್ನೊಂದರಲ್ಲಿ 15 ಇರಬಹುದು. ಆದ್ದರಿಂದ ಎರಡನ್ನೂ ಬೇರೆ ಬೇರೆ ಅಳೆ. ಅಂತರ ಕಂಡರೆ ಆ ವೈರನ್ನು ಇಂದೇ ತೆಗೆಸು. ಹಾಡು ಬೇಕೇಬೇಕೆಂದರೆ 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸು, ನಾನು ಬೇಡವೆನ್ನುವುದಿಲ್ಲ.

ಇನ್ನೊಂದು ಮಾತಿದೆ, ಇದರಲ್ಲಿ ನಾನು ಕಠೋರನಾಗಿಯೇ ಇರುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡಲು ಯಾರಿಗೂ ಬಿಡಬೇಡ. ಲೈಟು ಆರದಿದ್ದರೆ ಡೈನಮೋ, ಅಂದರೆ ಆಲ್ಟರ್ನೇಟರ್, ಸರಿಯಿದೆ ಎಂದು ನಾವೂ ಹಾಗೆಯೇ ಕಲಿತವರು. ಆದರೆ ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ಚಿಮ್ಮುತ್ತದೆ. ಒಬ್ಬ ಗಿರಾಕಿಯ ಲಾರಿಯ ಆಲ್ಟರ್ನೇಟರ್‌ನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡ್ ಪ್ಲೇಟನ್ನು ನಾನೇ ಹೀಗೆ ಸುಟ್ಟು, ಎರಡು ತಿಂಗಳ ದುಡಿಮೆಯಿಂದ ಅದರ ಬೆಲೆ ತೀರಿಸಿದೆ. ನಿನ್ನದು ಹೊಸ ಹೊಗೆ ನಿಯಮದ ಬಿಎಸ್-6 ಲಾರಿ. ಡಯೋಡಿನ ಜೊತೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂ ಸಹ ಹೋದರೆ ಇಡೀ ಹಂಗಾಮಿನ ಬಾಡಿಗೆ ಅದಕ್ಕೇ ಸುರಿಯಬೇಕಾಗುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗಲೂ ಎಂಜಿನ್ ನಿಲ್ಲಿಸಿ, ಬ್ಯಾಟರಿ ವೈರ್ ಬಿಚ್ಚಿಸಿಯೇ ಮಾಡಿಸು.

ಆಲ್ಟರ್ನೇಟರ್‌ನಲ್ಲೇ ದೋಷ ಕಂಡರೂ ಬಹಳಷ್ಟು ಸಲ ಸವೆದಿರುವುದು ಕಾರ್ಬನ್ ಬ್ರಷ್ ಅಥವಾ ಕೆಟ್ಟಿರುವುದು ರೆಗ್ಯುಲೇಟರ್ ಮಾತ್ರ. ಅವನ್ನಷ್ಟೇ ಬದಲಿಸಬಹುದು. ಹಳೆಯದನ್ನು ಯಾರ ಅಂಗಡಿಯಲ್ಲೂ ಬಿಟ್ಟು ಬರಬೇಡ.

ಭಾನುವಾರ ಹಗಲಿನಲ್ಲೇ ಲಾರಿ ತೆಗೆದುಕೊಂಡು ಬಾ. ಜಮಖಂಡಿ ದಾಟಿದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡು. ಮೀಟರ್ ತೆಗೆದಿಟ್ಟಿರುತ್ತೇನೆ, ನಿನ್ನ ಅತ್ತೆ ಊಟ ಮಾಡಿಟ್ಟಿರುತ್ತಾಳೆ.

ಇಂತಿ,
ನಿನ್ನ ಸೋದರಮಾವ