ಫಿಕ್ಸೆಡ್ ಗೇರ್ ಸೈಕಲ್ಲಿಗೊಂದು ಅಂಗಳ ಕೊಡಿ: ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಗೌರವಪೂರ್ವಕ ನಮಸ್ಕಾರಗಳು.

ನಾನು ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ ವಾಸವಿದ್ದು, ಮದುವೆ ಮುಂಜಿಗಳ ಫೋಟೊ ತೆಗೆದು ಜೀವನ ನಡೆಸುತ್ತಿರುವವನು. ಮುಹೂರ್ತವಿಲ್ಲದ ಭಾನುವಾರಗಳಲ್ಲಿ ಅದೇ ಕ್ಯಾಮೆರಾದಿಂದ ಗೆಳೆಯರ ಸೈಕಲ್ ಸವಾರಿಯ ಚಿತ್ರ ತೆಗೆಯುತ್ತೇನೆ; ನನ್ನ ಸರದಿ ಬಂದಾಗ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನೂ ಸೈಕಲ್ ಹತ್ತುತ್ತೇನೆ. ನಾವು ಒಟ್ಟು ಒಂಬತ್ತು ಮಂದಿ. ನಮ್ಮಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಗ್ಯಾರೇಜಿನಲ್ಲಿ ದುಡಿಯುವ ಮೆಕ್ಯಾನಿಕ್ ಇದ್ದಾನೆ, ನರ್ಸಿಂಗ್ ಓದುತ್ತಿರುವ ಹುಡುಗಿಯಿದ್ದಾಳೆ. ಎಲ್ಲರಿಗಿಂತ ಕಿರಿಯವನು ಒಂಬತ್ತನೇ ತರಗತಿಯ ಹುಡುಗ. ನಗರದೊಳಗೆ ಸಿಮೆಂಟಿನ ನೆಲವಿರುವ ಯಾವುದಾದರೂ ಒಂದು ಸರ್ಕಾರಿ ಅಂಗಳದಲ್ಲಿ, ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಸೈಕಲ್ ಅಭ್ಯಾಸ ಮಾಡಲು ಮತ್ತು ಅದರ ಚಿತ್ರ ತೆಗೆಯಲು ಲಿಖಿತ ಅನುಮತಿ ಕೊಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಾವು ಓಡಿಸುವ ಸೈಕಲ್ಲನ್ನು ಫಿಕ್ಸೆಡ್ ಗೇರ್ ಸೈಕಲ್ ಎನ್ನುತ್ತಾರೆ. ಮನೆಮನೆಯಲ್ಲಿರುವ ಸೈಕಲ್ಲಿನ ಹಿಂಚಕ್ರದಲ್ಲಿ ಫ್ರೀವೀಲ್ ಇರುವುದರಿಂದ, ಇಳಿಜಾರಿನಲ್ಲಿ ತುಳಿಯುವುದನ್ನು ಬಿಟ್ಟರೂ ಟಿಕ್ ಟಿಕ್ ಸದ್ದಿನೊಂದಿಗೆ ಚಕ್ರ ತಾನಾಗಿ ಉರುಳುತ್ತದೆ. ನಮ್ಮ ಸೈಕಲ್ಲಿನಲ್ಲಿ ಹಲ್ಲುಚಕ್ರವನ್ನು ನೇರವಾಗಿ ಹಿಂಚಕ್ರದ ನಡುಭಾಗವಾದ ಹಬ್ಬಿಗೇ ಬಿಗಿದಿರುತ್ತಾರೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಹಿಂದಕ್ಕೆ ತುಳಿದರೆ ಸೈಕಲ್ಲೂ ಹಿಂದಕ್ಕೆ ಹೋಗುತ್ತದೆ. ಒಲಿಂಪಿಕ್ಸ್‌ನ ಟ್ರ್ಯಾಕ್ ಸೈಕ್ಲಿಂಗ್ ನಡೆಯುವುದು ಇಂಥ ಸೈಕಲ್ಲುಗಳ ಮೇಲೆಯೇ. ಜಪಾನಿನಲ್ಲಿ 1948ರಲ್ಲಿ ಆರಂಭವಾಗಿ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಸೇರ್ಪಡೆಯಾದ ಕೇರಿನ್ ಎಂಬ ಸೈಕಲ್ ಪಂದ್ಯಕ್ಕೂ ಬಳಸುವುದು ಇದನ್ನೇ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊದಂಥ ನಗರಗಳಲ್ಲಿ ಪತ್ರ, ಪೊಟ್ಟಣಗಳನ್ನು ತಲುಪಿಸುವ ಸವಾರರು ಇದನ್ನು ಬೀದಿಗೆ ತಂದರು. ಮುಂದೆ ಚಿಕ್ಕ ಚಕ್ರದ ಬಿಎಂಎಕ್ಸ್ ಸೈಕಲ್ಲಿನ ಕಸರತ್ತುಗಳೂ ಸೇರಿಕೊಂಡು, 2010ರ ಹೊತ್ತಿಗೆ ದಪ್ಪ ಟೈರು, ಗಟ್ಟಿ ಫ್ರೇಮುಗಳ ಫ್ರೀಸ್ಟೈಲ್ ಎಂಬ ಪ್ರತ್ಯೇಕ ಶೈಲಿಯೇ ಬೆಳೆದಿತ್ತು. ಕಾಲು ನೆಲಕ್ಕೆ ತಾಗಿಸದೆ ನಿಂತಲ್ಲೇ ನಿಲ್ಲುವ ಟ್ರ್ಯಾಕ್ ಸ್ಟ್ಯಾಂಡ್, ಮುಂಚಕ್ರವನ್ನು ಎತ್ತಿ ಹ್ಯಾಂಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ಹಿಡಿಯುವ ಬಾರ್ ಸ್ಪಿನ್, ಹಿಮ್ಮುಖ ಸವಾರಿ, ಇವೆಲ್ಲ ತಿಂಗಳುಗಟ್ಟಲೆ ಬಿದ್ದು ಎದ್ದು ಕಲಿಯುವ ವಿದ್ಯೆಗಳು.

ಇದರಲ್ಲಿ ಲೆಕ್ಕವೂ ಇದೆ. ಮುಂದಿನ ಹಲ್ಲುಚಕ್ರದಲ್ಲಿ 48 ಹಲ್ಲು, ಹಿಂದಿನದರಲ್ಲಿ 16 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಸರಿಯಾಗಿ ಮೂರು ಸುತ್ತು ಬರುತ್ತದೆ. ಹಾಗಾಗಿ ಒಂದೇ ಕಾಲನ್ನು ಮುಂದಿಟ್ಟು ಪ್ರತಿ ಸಲ ಪೆಡಲನ್ನು ತಡೆಹಿಡಿದು ಹಿಂಚಕ್ರವನ್ನು ಸ್ಕಿಡ್ ಮಾಡಿ ನಿಲ್ಲಿಸಿದಾಗ, ಟೈರಿನ ಅದೇ ಒಂದು ಜಾಗ ನೆಲಕ್ಕೆ ಉಜ್ಜಿ ಬೇಗನೆ ನೂಲು ಕಾಣಿಸಿಕೊಳ್ಳುತ್ತದೆ. ಹಿಂದೆ 17 ಹಲ್ಲಿನದನ್ನು ಹಾಕಿದರೆ ಸವೆತವು 17 ಜಾಗಗಳಿಗೆ ಹಂಚಿಹೋಗುತ್ತದೆ. ನಮ್ಮ ಒಂಬತ್ತನೇ ತರಗತಿಯ ಹುಡುಗ ಇದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಭಿನ್ನರಾಶಿಯಾಗಿ ಬರೆದು ತೋರಿಸಿದಾಗ, ಶಾಲೆಯಲ್ಲಿ ಗಣಿತಕ್ಕೆ ಹೆದರುತ್ತಿದ್ದ ಮಗು ಇವನೇ ಎಂದು ನನಗೆ ನಂಬಲಾಗಲಿಲ್ಲ.

ಅಪಾಯದ ಮಾತನ್ನು ನಾನು ಮರೆಮಾಚುವುದಿಲ್ಲ. ಆರಂಭದಲ್ಲಿ ನಮ್ಮಲ್ಲಿ ಇಬ್ಬರು ಹಳೆಯ ಸೈಕಲ್ಲಿನ ಫ್ರೀವೀಲಿಗೆ ವೆಲ್ಡಿಂಗ್ ಮಾಡಿಸಿ ಫಿಕ್ಸೆಡ್ ಗೇರ್ ಮಾಡಿಕೊಂಡಿದ್ದರು. ಅದು ತಪ್ಪು. ವೇಗ ತಗ್ಗಿಸಲು ಹಿಮ್ಮುಖವಾಗಿ ಒತ್ತಿದಾಗ ಆ ಫ್ರೀವೀಲ್ ಹಬ್ಬಿನ ತಿರುಪಿನ ಮರೆಯ ಮೇಲಿಂದ ಬಿಚ್ಚಿಕೊಳ್ಳುತ್ತದೆ, ಸವಾರನಿಗೆ ಹಿಡಿತವೇ ಉಳಿಯುವುದಿಲ್ಲ. ಸರಿಯಾದ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಬದಿಯಲ್ಲಿ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಎಡಮರೆಯ ಲಾಕ್ ರಿಂಗ್ ಇರುತ್ತದೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಈಗ ನಮ್ಮ ಗುಂಪಿನಲ್ಲಿ ವೆಲ್ಡಿಂಗ್ ಮಾಡಿಸಿದ ಸೈಕಲ್ಲಿಗೆ ಜಾಗವಿಲ್ಲ. ಮುಂಚಕ್ರಕ್ಕೆ ಬ್ರೇಕು, ತಲೆಗೆ ಹೆಲ್ಮೆಟ್ಟು ಇಲ್ಲದವರನ್ನು, ಎಷ್ಟೇ ಆತ್ಮೀಯರಾಗಿದ್ದರೂ, ಆ ದಿನ ಪಕ್ಕಕ್ಕೆ ಕೂರಿಸುತ್ತೇವೆ. ಬಿ.ಎಂ. ರಸ್ತೆಯಲ್ಲಾಗಲಿ, ಎನ್.ಆರ್. ವೃತ್ತದ ದಟ್ಟಣೆಯಲ್ಲಾಗಲಿ ಕಸರತ್ತು ಮಾಡುವುದನ್ನು ನಾವೇ ಒಪ್ಪುವುದಿಲ್ಲ, ಮತ್ತು ಪ್ರತ್ಯೇಕ ಅಂಗಳ ಕೇಳುತ್ತಿರುವುದೂ ಇದೇ ಕಾರಣಕ್ಕೆ.

ಕಳೆದ ಜನವರಿಯ ಒಂದು ಭಾನುವಾರ, ನಗರದ ಸಾರ್ವಜನಿಕ ಕಟ್ಟಡವೊಂದರ ಹಿಂದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾವು ಅಭ್ಯಾಸ ಮಾಡುತ್ತಿದ್ದೆವು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನಾನು ಇಬ್ಬನಿಯಿಂದ ಒದ್ದೆಯಾದ ನೆಲದ ಮೇಲೆ ಬೋರಲು ಮಲಗಿ, ಲೆನ್ಸನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಿಡಿದು, ಷಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟುಕೊಂಡು ಕಾಯುತ್ತಿದ್ದೆ. ನರ್ಸಿಂಗ್ ಓದುವ ನಮ್ಮ ಗೆಳತಿ ಮೂರು ತಿಂಗಳಿಂದ ಬಾರ್ ಸ್ಪಿನ್‌ಗಾಗಿ ಒದ್ದಾಡುತ್ತಿದ್ದಳು. ಎರಡೂ ಮೊಣಕೈಗಳ ಮೇಲೆ ಗಾಯ ಒಣಗುವ ಮೊದಲೇ ಮತ್ತೊಂದು ಗಾಯವಾಗುತ್ತಿತ್ತು. ಆ ಬೆಳಿಗ್ಗೆ ಮುಂಚಕ್ರ ಮೇಲೆದ್ದಿತು, ಹ್ಯಾಂಡಲ್ ಅವಳ ಎರಡೂ ಕೈಗಳನ್ನು ಬಿಟ್ಟು ಗಾಳಿಯಲ್ಲಿ ತಿರುಗಿತು, ಬೆರಳುಗಳು ಇನ್ನೂ ಅದನ್ನು ಮುಟ್ಟಿರಲಿಲ್ಲ, ಟೈರಿನಿಂದ ಸಿಡಿದ ನೀರಹನಿಗಳು ಎಳೆಬಿಸಿಲಿಗೆ ಸಾಲಾಗಿ ನಿಂತಿದ್ದವು. ಆ ಕ್ಷಣ ನನ್ನ ಕ್ಯಾಮೆರಾದಲ್ಲಿ ದಾಖಲಾಯಿತು. ಹದಿನೈದು ನಿಮಿಷಗಳ ನಂತರ ಅಲ್ಲಿಗೆ ಬಂದ ಸಿಬ್ಬಂದಿಯೊಬ್ಬರು ನಮ್ಮನ್ನು ವೀಲಿ ಹೊಡೆಯುವ ಪುಂಡರೆಂದು ಕರೆದು, ಎರಡು ಸೈಕಲ್ಲುಗಳನ್ನು ಸಂಜೆಯವರೆಗೆ ಕೋಣೆಯಲ್ಲಿ ಕೂಡಿಹಾಕಿ, ಕಟ್ಟಡದ ಫೋಟೊ ತೆಗೆದಿದ್ದೇನೆಂದು ಆಕ್ಷೇಪಿಸಿ ಮೆಮೊರಿ ಕಾರ್ಡನ್ನು ನನ್ನ ಕೈಯಿಂದಲೇ ಅಳಿಸಿಹಾಕಿಸಿದರು. ಸೈಕಲ್ಲುಗಳು ಮರಳಿ ಸಿಕ್ಕವು, ಆ ಚಿತ್ರ ಮಾತ್ರ ಸಿಗಲಿಲ್ಲ. ಅವರ ಮೇಲೆ ದೂರು ಕೊಡುವ ಉದ್ದೇಶ ನನಗಿಲ್ಲ. ಅವರ ಕೈಯಲ್ಲಿ ನಿಯಮವಿರಲಿಲ್ಲ, ನಮ್ಮ ಕೈಯಲ್ಲಿ ಅನುಮತಿಯ ಕಾಗದವಿರಲಿಲ್ಲ.

ಹೆದ್ದಾರಿಯಲ್ಲಿ ಬೈಕಿನ ಮುಂಚಕ್ರ ಎತ್ತಿ ಪರರ ಪ್ರಾಣಕ್ಕೆ ಕುತ್ತು ತರುವವರಿಗೂ ನಮಗೂ ಇರುವ ವ್ಯತ್ಯಾಸವನ್ನು ತಾವು ಗಮನಿಸಬೇಕು. ನಮ್ಮ ವಾಹನಕ್ಕೆ ಇಂಜಿನ್ ಇಲ್ಲ, ಸದ್ದಿಲ್ಲ, ಹೊಗೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನವೂ ಅಲ್ಲ. ನಮ್ಮ ಅಪ್ಪಂದಿರು ಗಂಟೆಯ ಬಾಡಿಗೆಗೆ ಸೈಕಲ್ ತಂದು, ಸೀಟು ಎಟುಕದೆ ಒಳಪೆಡಲ್ ತುಳಿದು ಕಲಿತದ್ದು ಇದೇ ಊರಿನ ಬಯಲುಗಳಲ್ಲಿ. ಆ ಬಯಲುಗಳಲ್ಲಿ ಈಗ ಮನೆಗಳೆದ್ದಿವೆ.

ಇಂಥ ಆಟಕ್ಕೆ ದೊಡ್ಡ ನಗರವೇ ಆಗಬೇಕೆಂದಿಲ್ಲ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್‌ಬೋರ್ಡ್ ಆಡುವ ಮಕ್ಕಳಿಗಾಗಿ ಕಾಂಕ್ರೀಟಿನ ಅಂಗಳ ಸಿದ್ಧವಾಯಿತು. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡ್ ಮತ್ತು ಬಿಎಂಎಕ್ಸ್ ಫ್ರೀಸ್ಟೈಲ್ ಎರಡಕ್ಕೂ ಮೊದಲ ಬಾರಿಗೆ ಪದಕ ಕೊಡಲಾಯಿತು. ನಾವು ಅಷ್ಟು ದೊಡ್ಡದನ್ನೇನೂ ಕೇಳುತ್ತಿಲ್ಲ. ಇರುವ ಸಿಮೆಂಟಿನ ನೆಲವೇ ಸಾಕು.

ಜಿಲ್ಲಾ ಕ್ರೀಡಾಂಗಣದ ಆವರಣವೇ ಆಗಲಿ, ರಜಾ ದಿನ ಖಾಲಿ ಬೀಳುವ ಬೇರೆ ಯಾವುದೇ ಕಚೇರಿಯ ಪಾರ್ಕಿಂಗ್ ಜಾಗವೇ ಆಗಲಿ, ನಮಗೆ ಆದೀತು. ಮಹಾರಾಜ ಪಾರ್ಕಿನಲ್ಲಿ ಹಿರಿಯರು ವಾಯುವಿಹಾರ ಮಾಡುವುದರಿಂದ ಅದನ್ನು ನಾವು ಕೇಳುವುದಿಲ್ಲ. ಚಕ್ರದ ಅಚ್ಚಿಗೆ ಕೂರಿಸುವ ಲೋಹದ ಕೊಳವೆಗಳ ಮೇಲೆ ಉಜ್ಜಿ ಜಾರುವಾಗ ಮೆಟ್ಟಿಲು, ಕಟ್ಟೆಗಳ ಅಂಚು ಕೆತ್ತಿಹೋಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಕಬ್ಬಿಣದ ಆಂಗಲ್ ಬಡಿದ ಮರದ ಪೆಟ್ಟಿಗೆಯೊಂದನ್ನು ನಾವೇ ಮಾಡಿಸಿಕೊಂಡಿದ್ದೇವೆ, ಬರುವಾಗ ತಂದು ಹೋಗುವಾಗ ಒಯ್ಯುತ್ತೇವೆ. ಮಳೆಗಾಲದಲ್ಲಿ ನೆಲ ಪಾಚಿ ಕಟ್ಟಿದರೆ ಉಜ್ಜಿ ತೊಳೆಯುವ ಕೆಲಸವೂ ನಮ್ಮದೇ ಆಗಿರಲಿ. ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದು ಊರೆಲ್ಲ ಭಕ್ತರ ವಾಹನಗಳಿಂದ ತುಂಬುವ ದಿನಗಳಲ್ಲಿ ನಾವು ಆ ಕಡೆ ಸುಳಿಯುವುದಿಲ್ಲ.

ಕ್ರೀಡಾ ಇಲಾಖೆ, ನಗರಾಡಳಿತ, ಪೊಲೀಸ್ ಇಲಾಖೆ ಈ ಮೂರನ್ನೂ ಒಂದೆಡೆ ಕೂರಿಸಿ ಮಾತನಾಡಿಸಬಲ್ಲವರು ತಾವೆಂಬ ಕಾರಣಕ್ಕೆ ಈ ಪತ್ರವನ್ನು ತಮಗೇ ಬರೆದಿದ್ದೇನೆ. ಯಾವ ಜಾಗ, ಯಾವ ಹೊತ್ತು, ಎಷ್ಟು ಜನ, ಫೋಟೊ ತೆಗೆಯುವಾಗ ಯಾವುದು ಚೌಕಟ್ಟಿನಲ್ಲಿ ಬರಬಾರದು ಎಂಬುದನ್ನೆಲ್ಲ ಸ್ಪಷ್ಟವಾಗಿ ಬರೆದ ಅರ್ಧ ಪುಟದ ಆದೇಶವಿದ್ದರೆ, ಕಾವಲಿನವರು ಬಂದಾಗ ಓಡಿಹೋಗುವ ಬದಲು ಅದನ್ನು ತೋರಿಸಿ ನಿಲ್ಲಬಹುದು.

ಒಂಬತ್ತು ಮಂದಿಯ ಸಹಿ ಮತ್ತು ಹದಿನೆಂಟು ತುಂಬದ ಇಬ್ಬರ ಪೋಷಕರ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿದ ಅರ್ಜಿಯನ್ನು ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟಿದ್ದೇವೆ. ತಾವು ಕರೆದ ದಿನ ಸೈಕಲ್ಲುಗಳೊಂದಿಗೆ ಬಂದು, ಲಾಕ್ ರಿಂಗಿನಿಂದ ಬ್ರೇಕಿನವರೆಗೆ ಎಲ್ಲವನ್ನೂ ಬಿಚ್ಚಿ ತೋರಿಸಲು ಸಿದ್ಧರಿದ್ದೇವೆ. ನಮ್ಮ ಗೆಳತಿ ಆ ಬಾರ್ ಸ್ಪಿನ್ನನ್ನು ತಮ್ಮೆದುರು ಮತ್ತೊಮ್ಮೆ ಮಾಡುವುದಾಗಿ ಹೇಳಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಸವಾರ ಮತ್ತು ಛಾಯಾಗ್ರಾಹಕ
ಹಾಸನ