ಬೇಲಿ ಹಾಕಿಸಿದ್ದು ಕಾನೂನೇ

ಮಾನ್ಯ ಸಂಪಾದಕರೇ,

18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನುದಾರರು ಊರೊಟ್ಟಿನ ಹುಲ್ಲುಗಾವಲನ್ನು ತೋಳ್ಬಲದಿಂದ ಕಬಳಿಸಿದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ 1750ರ ನಂತರ ನಡೆದದ್ದು ಬಹುಪಾಲು ಕಾಗದಪತ್ರದ ಕೆಲಸ. ಊರೊಟ್ಟಿನ ನೆಲವನ್ನು ಹಂಚಿ ಬೇಲಿ ಹಾಕಲು ಊರಿಗೊಂದು ಮಸೂದೆ ಪಾರ್ಲಿಮೆಂಟಿಗೆ ಹೋಗುತ್ತಿತ್ತು. ಒಪ್ಪಿಗೆಗೆ ತಲೆ ಎಣಿಸುತ್ತಿರಲಿಲ್ಲ. ಸಾಮಾನ್ಯವಾಗಿ ಜಮೀನಿನ ಲೆಕ್ಕದಲ್ಲಿ ಮುಕ್ಕಾಲು ಪಾಲಿನ ಒಡೆಯರು ಒಪ್ಪಿದರೆ ಸಾಕು. ಎಷ್ಟೋ ಕಡೆ ಇಬ್ಬರು ಮೂವರಲ್ಲೇ ಅಷ್ಟಾಗುತ್ತಿತ್ತು. 1774ರಲ್ಲಿ ಇಂಥ ಮಸೂದೆಯ ನೋಟಿಸನ್ನು ಚರ್ಚಿನ ಬಾಗಿಲಿಗೆ ಮೂರು ಭಾನುವಾರ ಅಂಟಿಸಬೇಕೆಂಬ ನಿಯಮ ಬಂತು. ಓದು ಬಾರದವನಿಗೆ ಅದರಿಂದೇನು ಬಂತೋ!

ಮಸೂದೆ ಪಾಸಾದ ಮೇಲೆ ನೆಲ ಹಂಚಲು ಕಮಿಷನರುಗಳು, ಅಳೆಯಲು ಸರ್ವೇಯರ್. ಊರೊಟ್ಟಿನ ನೆಲದಲ್ಲಿ ಹಕ್ಕಿದ್ದವರು ಲಿಖಿತ ಅರ್ಜಿ ಕೊಡಬೇಕಿತ್ತು. ಬಡವನಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಹಸು ಮೇಯಿಸುವ ಹಕ್ಕು ಹೆಚ್ಚಾಗಿ ಅಂಟಿಕೊಂಡಿದ್ದು ಮನೆಗೆ, ಅದರಲ್ಲಿ ವಾಸವಿದ್ದವನಿಗಲ್ಲ. ಬಾಡಿಗೆಯವನ ಹಸು ವರ್ಷಗಟ್ಟಲೆ ಮೇಯ್ದಿದ್ದರೂ ನೆಲ ಸಿಕ್ಕಿದ್ದು ಮನೆ ಮಾಲೀಕನಿಗೆ.

ಸ್ವಂತ ಮನೆಯಿದ್ದವನಿಗೆ ಒಂದೆರಡು ಎಕರೆ ಸಿಕ್ಕರೂ ಗಡುವಿನೊಳಗೆ ಬೇಲಿ ಹಾಕಬೇಕಿತ್ತು. ಕಾಲುವೆ ತೋಡಿ, ತೆಗೆದ ಮಣ್ಣಿನ ಏರಿಯ ಮೇಲೆ ಹಾಥಾರ್ನ್ ಮುಳ್ಳುಗಿಡ ನೆಟ್ಟು, ಸಸಿಗೆ ದನ ಬಾಯಿ ಹಾಕದಂತೆ ಗೂಟ ನೆಟ್ಟು ಅಡ್ಡಪಟ್ಟಿ ಬಿಗಿಯಬೇಕು. ತುಂಡು ಚಿಕ್ಕದಾದಷ್ಟೂ ಹೊರೆ ಹೆಚ್ಚು: 1 ಎಕರೆಯ ಚೌಕಕ್ಕೆ ಸುಮಾರು 835 ಅಡಿ ಬೇಲಿ, 100 ಎಕರೆಯ ಚೌಕಕ್ಕಾದರೆ ಎಕರೆಗೆ ಸುಮಾರು 83 ಅಡಿಯಷ್ಟೇ. ಮೇಲೆ ಕಾಯ್ದೆ, ಸರ್ವೇ, ರಸ್ತೆಯ ಖರ್ಚಿನ ಪಾಲು ಬೇರೆ. ಹಲವರು ಬೇಲಿ ಹಾಕುವ ಮೊದಲೇ ದೊಡ್ಡ ರೈತನಿಗೆ ಮಾರಿ ಕೈತೊಳೆದುಕೊಂಡರು.

– ಓದುಗ, ಮೈಸೂರು